ಕಾಟಿ ನೋಡಲು ಹೋದವರ ದೂರಿಗೆ ಒಂದು ಉತ್ತರ



ಸಂಘದ ವತಿಯಿಂದ ದಾಜೀಪುರದ ಕಾಡಿಗೆ ಪ್ರವಾಸ ಹೋಗಿ ಬಂದ ಹದಿನೆಂಟು ಮಂದಿಯಲ್ಲಿ ಏಳು ಮಂದಿ ಸೇರಿ ಒಂದು ದೂರು ಬರೆದುಕೊಟ್ಟಿದ್ದಾರೆ. ಕಾಟಿಯನ್ನು ಹತ್ತಿರದಿಂದ ತೋರಿಸುವೆವೆಂದು ಹಣ ಪಡೆದು ದೂರದಿಂದ ತೋರಿಸಿದರು, ಗೈಡು ನಮ್ಮ ಮಾತಿಗೆ ಬೆಲೆ ಕೊಡಲಿಲ್ಲ, ಆದುದರಿಂದ ಸಂಘವು ಆತನ ಮೇಲೆ ಅರಣ್ಯ ಇಲಾಖೆಗೆ ಬರೆಯಬೇಕು ಎಂಬುದು ಅದರ ಸಾರಾಂಶ. ಬರುವ ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ನಡೆಯುವ ಸಭೆಯಲ್ಲಿ ಇದು ಚರ್ಚೆಗೆ ಬರಲಿದೆ. ನಾನೂ ಅದೇ ಜೀಪಿನಲ್ಲಿದ್ದೆ. ಆದರೆ ಈ ದೂರಿಗೆ ನನ್ನ ಒಪ್ಪಿಗೆಯಿಲ್ಲ. ಏಕೆಂಬುದನ್ನು ಸಭೆಗೆ ಮುಂಚೆಯೇ ಎಲ್ಲರ ಮುಂದಿಡುವುದು ನ್ಯಾಯವೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ದೂರು ಕೊಟ್ಟವರ ಪರವಾಗಿ ಹೇಳತಕ್ಕ ಮಾತನ್ನು ಹೇಳಿಬಿಡುತ್ತೇನೆ. ವರ್ಷವಿಡೀ ಮೋರಿಯ ಬಳಿ ನಿಂತು ತಟ್ಟೆ ಬಟ್ಟಲು ತೊಳೆದವರು, ಬೆಳಗಿನ ಐದಕ್ಕೆ ಎದ್ದು ಇಡ್ಲಿ ಬೇಯಿಸಿದವರು ತಿಂಗಳಿಗಿಷ್ಟೆಂದು ಕೂಡಿಟ್ಟು ಈ ಪ್ರವಾಸಕ್ಕೆ ಬಂದಿದ್ದರು. ವಾರದ ರಜೆ ಕಾಯಿದೆ ಕೊಟ್ಟ ಹಕ್ಕಾದರೂ, ಅದನ್ನು ಕೇಳಿ ಪಡೆಯುವ ಹೊತ್ತಿಗೆ ನಮ್ಮಲ್ಲಿ ಎಷ್ಟು ಜನಕ್ಕೆ ಸಾಕುಸಾಕಾಗಿದೆ! ಒಬ್ಬ ಮಿತ್ರನಿಗಂತೂ ಈ ಎರಡು ದಿನದ ಸಂಬಳವನ್ನೇ ಮುರಿದುಕೊಂಡಿದ್ದಾರೆ. ಇಷ್ಟೆಲ್ಲ ತೆತ್ತು ಬಂದವನಿಗೆ ಕಣ್ತುಂಬ ನೋಡುವ ಆಸೆ ಇದ್ದರೆ ಅದರಲ್ಲಿ ತಪ್ಪೇನಿಲ್ಲ.

ಅಲ್ಲಿ ನಡೆದದ್ದಿಷ್ಟು. ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟು ಕೊಲ್ಹಾಪುರದಲ್ಲಿ ಇಳಿದೆವು. ಅಲ್ಲಿಂದ ರಾಧಾನಗರಿಯ ಮಾರ್ಗವಾಗಿ ದಾಜೀಪುರ. ಹಿಂದೆ ಕೊಲ್ಹಾಪುರದ ಅರಸರು ಬೇಟೆಯಾಡುತ್ತಿದ್ದ ಕಾಡು ಇದು. 1958ರಲ್ಲಿ ಕಾಟಿಗಳ ರಕ್ಷಣೆಗೆಂದೇ ಇದನ್ನು ಅಭಯಾರಣ್ಯ ಮಾಡಿದರು. ಮಹಾರಾಷ್ಟ್ರದ ಮೊದಲನೆಯ ಅಭಯಾರಣ್ಯ ಇದೇ. ಅರಸರು ಬಂದೂಕು ಹಿಡಿದು ಹೋಗುತ್ತಿದ್ದ ಕಡೆಗೆ ಇಂದು ತಟ್ಟೆ ತೊಳೆಯುವ ಹುಡುಗನೂ ಟಿಕೀಟು ಪಡೆದು ಹೋಗಬಹುದು. ಇದು ಸಣ್ಣ ಮಾತಲ್ಲ.

ನಮ್ಮ ಜೀಪಿಗೆ ಬಂದ ಗೈಡು ಅಲ್ಲಿಯದೇ ಹಳ್ಳಿಯ ತರುಣ. ಎರಡು ಗಂಟೆ ಸುತ್ತಿದರೂ ಸೆಗಣಿ, ಗೊರಸಿನ ಗುರುತು ಬಿಟ್ಟು ಏನೂ ಕಾಣಲಿಲ್ಲ. ಸಂಜೆಯ ಬಿಸಿಲು ಇಳಿಯುವಾಗ, ಅಲ್ಲಿಯವರು ಸಡಾ ಎನ್ನುವ ಕಲ್ಲುಹಾಸಿನ ಬಯಲಿನ ಅಂಚಿನಲ್ಲಿ, ಇನ್ನೂರು ಹೆಜ್ಜೆ ದೂರದಲ್ಲಿ, ಐದು ಕಾಟಿಗಳು ಮೇಯುತ್ತಿದ್ದವು. ಜೊತೆಗೊಂದು ಕರು. "ಗವಾ ಆಹೇ, ಶಾಂತ ಬಸಾ" ಎಂದು ಆತ ಪಿಸುಗುಟ್ಟಿದ. ಆದರೆ ನಾವು ಸುಮ್ಮನೆ ಕೂತೆವೇ? ಇನ್ನೂ ಹತ್ತಿರ ಬಿಡು ಎಂದು ಒಬ್ಬರು, ದಾರಿ ಬಿಟ್ಟು ಬಯಲಿಗೆ ಇಳಿಸು, ಬೇಕಾದರೆ ನೂರು ರೂಪಾಯಿ ಹೆಚ್ಚು ಕೊಡುತ್ತೇವೆ ಎಂದು ಇನ್ನೊಬ್ಬರು. ಆತ ಒಪ್ಪಲಿಲ್ಲ. ಅಷ್ಟರಲ್ಲಿ ಯಾರೋ ಶಿಳ್ಳೆ ಹಾಕಿದರು. ಮುಂದಿದ್ದ ಮುದಿ ಹೆಣ್ಣು ಕಾಟಿ ತಲೆಯೆತ್ತಿ ಒಮ್ಮೆ ಬುಸುಗುಟ್ಟಿತು. ಮರುಕ್ಷಣ ಕರುವನ್ನು ನಡುವೆ ಹಾಕಿಕೊಂಡು ಇಡೀ ಹಿಂಡು ಕಾಡಿನೊಳಗೆ ಹೊಕ್ಕಿತು. ಶಿಳ್ಳೆ ಹಾಕಿದವನು ನಾನಲ್ಲ. ಆದರೆ ಮೊಬೈಲು ಹಿಡಿದು ಸೀಟಿನ ಮೇಲೆ ಎದ್ದುನಿಂತು, ಗೈಡಿನಿಂದ "ಕೂತ್ಕೊಳ್ಳಿ" ಎಂದು ಹೇಳಿಸಿಕೊಂಡವನು ನಾನೇ. ಈ ತಪ್ಪನ್ನು ಮುಚ್ಚಿಟ್ಟು ಬೇರೆಯವರಿಗೆ ಬುದ್ಧಿ ಹೇಳಲಾರೆ.

ಮರಳುವಾಗ ಆ ತರುಣನಿಗೆ ಬಕ್ಷೀಸು ಕೊಡಬಾರದೆಂದು ನಮ್ಮವರೇ ತೀರ್ಮಾನಿಸಿದರು. ನನಗೆ ಹೆಚ್ಚು ನೋವಾದದ್ದು ಇದಕ್ಕೆ. ಗಿರಾಕಿಯೊಬ್ಬ ಅಡುಗೆಮನೆಗೆ ನುಗ್ಗಿ, ಕಾದ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವುದನ್ನು ನೋಡುತ್ತೇನೆಂದರೆ ನಾವು ಬಿಡುತ್ತೇವೆಯೇ? "ಒಳಗೆ ಬರಬಾರದು ಸ್ವಾಮಿ" ಎಂದ ಮಾಣಿಗೆ ಬಕ್ಷೀಸು ತಪ್ಪಿಸಿ, ಗಲ್ಲೆಯ ಬಳಿ ಹೋಗಿ ದೂರು ಹೇಳುವ ಗಿರಾಕಿಯನ್ನು ನಾವೆಲ್ಲ ಕಂಡಿದ್ದೇವೆ. ದೂರು ಸುಳ್ಳಾದರೂ ಬೈಗುಳ ತಿನ್ನುವವನು ಮಾಣಿಯೇ. ನಾನು ಏಳನೆಯ ತರಗತಿ ಮುಗಿಸಿ ಈ ಊರಿಗೆ ಬಂದವನು. ಮೊದಲು ಕೆಲಸಕ್ಕೆ ನಿಂತ ಹೊಟೇಲಿನಲ್ಲಿ ಇಂಥದೇ ಒಂದು ದೂರಿಗೆ ನನ್ನನ್ನು ರಾತ್ರೋರಾತ್ರಿ ಹೊರಗೆ ಹಾಕಿದರು. ಆ ಕಾಡಿನ ತರುಣನಿಗೆ ಇರುವುದೂ ದಿನದ ಗಳಿಕೆಯೇ. ಮಳೆಗಾಲದಲ್ಲಿ ಕಾಡು ಮುಚ್ಚಿದರೆ ಆ ಗಳಿಕೆಯೂ ನಿಲ್ಲುತ್ತದೆ. ನೂರು ರೂಪಾಯಿಯ ಆಸೆಗೆ ಗಾಡಿ ಇಳಿಸಿದ್ದರೆ ಆತನ ಪರವಾನಗಿಯೇ ಹೋಗಬಹುದಿತ್ತು. ತನ್ನ ಕೆಲಸವನ್ನು ನಿಯತ್ತಿನಿಂದ ಮಾಡಿದ ಒಬ್ಬ ಕಾರ್ಮಿಕನ ಮೇಲೆ ಕಾರ್ಮಿಕರ ಸಂಘವೇ ದೂರು ಬರೆಯುವುದೆಂದರೆ, ಅದಕ್ಕಿಂತ ನಾಚಿಕೆಗೇಡು ಯಾವುದು?

ಇನ್ನು ಕಾಟಿಯ ವಿಷಯ. ನಮ್ಮಲ್ಲಿ ಕೆಲವರು ಅದನ್ನು ಎಮ್ಮೆಯ ಜಾತಿಯೆಂದೇ ತಿಳಿದಿದ್ದಾರೆ. ಕಾಡುಕೋಣ ಎಂಬ ಹೆಸರೂ ಹಾಗೆ ತಿಳಿಯುವಂತೆ ಮಾಡುತ್ತದೆ. ಬೇಟೆಗೆ ಬಂದ ಇಂಗ್ಲಿಷರು ಅದಕ್ಕೆ ಬೈಸನ್ ಎಂದು ಹೆಸರಿಟ್ಟರು. ವಾಸ್ತವವಾಗಿ ಅದು ನಮ್ಮ ದನಗಳ ಹತ್ತಿರದ ನೆಂಟ. ದೊಡ್ಡ ಗಂಡಿನ ಹೆಗಲು ಆರಡಿಯವರೆಗೂ ಇರುತ್ತದೆ, ತೂಕ ಸಾವಿರ ಕಿಲೋದವರೆಗೂ ಹೋಗುತ್ತದೆ. ಮೈ ಕಪ್ಪು, ಮೊಣಕಾಲಿನಿಂದ ಕೆಳಗೆ ಮಾತ್ರ ಬಿಳಿ ಕಾಲುಚೀಲ ಹಾಕಿದಂತೆ. ಇಷ್ಟು ದೊಡ್ಡ ಪ್ರಾಣಿಯಾದರೂ ಸ್ವಭಾವ ಅಂಜುಬುರುಕ. ಬಿಟ್ಟರೆ ಓಡಿಹೋಗುತ್ತದೆ, ದಾರಿ ಕಟ್ಟಿದರೆ ಹಾಯುತ್ತದೆ. 1972ರ ವನ್ಯಜೀವಿ ಕಾಯಿದೆಯಲ್ಲಿ ಹುಲಿ, ಆನೆಗಳಿಗಿರುವ ರಕ್ಷಣೆಯೇ ಇದಕ್ಕೂ ಇದೆ.

ಕಾಟಿಯನ್ನು ಹೊಗಳುವುದು ನನಗೆ ಸುಲಭವಾಗಿ ಬಂದ ಮಾತಲ್ಲ. ಘಟ್ಟದ ಬುಡದ ನಮ್ಮ ಮನೆಯ ಗದ್ದೆಯನ್ನು ಒಂದು ರಾತ್ರಿಯಲ್ಲಿ ಮೇದುಹೋದ ಕಾಟಿಗಳನ್ನು ನಾನು ಬಲ್ಲೆ. ಬೆಳಗ್ಗೆ ಹುಣಿಯ ಮೇಲೆ ಕೂತು ಅತ್ತ ಅಮ್ಮನನ್ನೂ ಕಂಡಿದ್ದೇನೆ. ಅವುಗಳನ್ನು ಅಟ್ಟಲು ಕಲ್ಲು ಬೀರಿದ ಹುಡುಗರಲ್ಲಿ ನಾನೂ ಒಬ್ಬ. ಆದರೆ ಹತ್ತಿರ ಬಂದರೆ ಅವಕ್ಕೂ ಕೇಡು, ನಮಗೂ ಕೇಡು ಎಂಬುದನ್ನು ಆ ಗದ್ದೆಯೇ ನನಗೆ ಕಲಿಸಿತು.

ಸಾಕಿದ ದನಗಳ ಸಮೀಪದಿಂದಲೂ ಕಾಟಿಗಳಿಗೆ ಸಾವು ಬಂದದ್ದುಂಟು. 1968ರಲ್ಲಿ ಬಂಡೀಪುರ, ಮುದುಮಲೆಗಳ ಕಾಡಿಗೆ ದೊಡ್ಡರೋಗ ತಗಲಿ ಬಹಳ ಕಾಟಿಗಳು ಸತ್ತವು. ಆ ರೋಗ 2011ರಲ್ಲಿ ಲೋಕದಿಂದಲೇ ತೊಲಗಿತೆಂದು ಸಾರಿದರು. ರೋಗ ಹೋಯಿತು, ಆದರೆ ಮನುಷ್ಯರ ಗುಂಪು ಹೋಗಲಿಲ್ಲ.

ಪುಣೆಯ ನಮ್ಮ ಬಂಧುಗಳಿಗೆ 2020ರ ಡಿಸೆಂಬರ್ 9 ನೆನಪಿರಬಹುದು. ಅಂದು ಬೆಳಗ್ಗೆ ಕೋಥರೂಡಿನ ಮನೆಗಳ ನಡುವೆ ಒಂದು ಕಾಟಿ ಬಂತು. ಸುದ್ದಿ ಹಬ್ಬಿದ್ದೇ ತಡ, ಜನ ನೆರೆದರು. ಮೊಬೈಲು ಹಿಡಿದು ಬೆನ್ನು ಹತ್ತಿದರು. ಹೆದರಿದ ಪ್ರಾಣಿ ಗೇಟಿಗೆ, ಗೋಡೆಗೆ ಬಡಿದುಕೊಂಡು ಗಂಟೆಗಟ್ಟಲೆ ಓಡಿತು. ಕಡೆಗೆ ಮದ್ದಿನ ಸೂಜಿ ಹೊಡೆದು ಹಿಡಿದರೂ ಅದೇ ದಿನ ಸತ್ತಿತು. ಅಲ್ಲಿ ಯಾರೂ ಅದನ್ನು ಕೊಲ್ಲಬೇಕೆಂದು ಬಂದವರಲ್ಲ. ಎಲ್ಲರೂ ಹತ್ತಿರದಿಂದ ನೋಡಲು ಬಂದವರೇ! ಅದೇ ತಿಂಗಳು ಬಾವಧನದ ಬಳಿ ಇನ್ನೊಂದು ಕಾಟಿ ಕಾಣಿಸಿಕೊಂಡಿತು. ಈ ಬಾರಿ ಜನರನ್ನು ದೂರವಿರಿಸಿದರು. ಅದು ಕಾಡಿಗೆ ಮರಳಿತು. ಎರಡಕ್ಕೂ ಇರುವ ಅಂತರ ದೂರ ನಿಂತದ್ದೊಂದೇ.

ಆದುದರಿಂದ ಆ ಇನ್ನೂರು ಹೆಜ್ಜೆಯಲ್ಲಿ ನಮಗೆ ಮೋಸವಾಗಿದೆ ಎಂದು ನಾನು ತಿಳಿಯುವುದಿಲ್ಲ. ಕಾಟಿ ಆಗ ಮೇಯುತ್ತಿತ್ತು. ನಾವು ಊಟಕ್ಕೆ ಕುಳಿತಾಗ ಎದುರು ನಿಂತು ಗಡಿಯಾರ ನೋಡುವ ಮಾಲಿಕನ ಮುಂದೆ ತುತ್ತು ಗಂಟಲಲ್ಲಿ ಇಳಿಯುತ್ತದೆಯೇ? ಉಣ್ಣುವವನನ್ನು ಅವನ ಪಾಡಿಗೆ ಬಿಡಬೇಕೆಂಬುದು ಹೊಟೇಲಿನವರಾದ ನಮಗೆ ಬೇರೆಯವರು ಹೇಳಿಕೊಡಬೇಕಾದ ಪಾಠವಲ್ಲ.

ಸಭೆಯ ಮುಂದೆ ನನ್ನ ಸೂಚನೆಗಳು ಇವು. ಒಂದು, ದೂರನ್ನು ಹಿಂತೆಗೆದುಕೊಳ್ಳಬೇಕು. ಎರಡು, ಆ ತರುಣನಿಗೆ ಸಲ್ಲಬೇಕಾದ ಬಕ್ಷೀಸನ್ನು ಜೀಪಿನಲ್ಲಿದ್ದ ನಾವೇ ಕೂಡಿಸಿ ಕಳುಹಿಸಬೇಕು. ಮೊದಲ ಪಾಲು ನನ್ನದು. ಮೂರು, ಮಳೆಗಾಲ ಮುಗಿದ ಮೇಲೆ ಸಂಘ ಮತ್ತೆ ಪ್ರವಾಸ ಏರ್ಪಡಿಸಬೇಕು. ಗುಂಪು ಚಿಕ್ಕದಿರಲಿ, ಕಾಡಿನಲ್ಲಿ ಗೈಡಿನ ಮಾತೇ ಕಡೆಯ ಮಾತಾಗಿರಲಿ. ನಾಲ್ಕು, ಪ್ರವಾಸಕ್ಕೆ ಹೋದ ಸದಸ್ಯರ ಸಂಬಳ ಮುರಿಯುವ ಮಾಲಿಕರ ಹೆಸರಿಗೆ ಸಂಘ ಪತ್ರ ಬರೆಯಬೇಕು. ದೂರು ಬರೆಯುವ ಕೈಗೆ ಕೆಲಸ ಬೇಕಾದರೆ ಅದು ಅಲ್ಲಿದೆ.

ಶಿಳ್ಳೆಯಿಲ್ಲದೆ ನಾವು ಕೂತಿದ್ದ ಆ ಅರೆ ನಿಮಿಷದಲ್ಲಿ ಕರು ತಾಯಿಯ ಹೊಟ್ಟೆಗೆ ತಲೆ ಕೊಟ್ಟು ಹಾಲು ಕುಡಿಯುತ್ತಿತ್ತು. ಅದು ನನಗೆ ಇನ್ನೂರು ಹೆಜ್ಜೆಯಿಂದ ಚೆನ್ನಾಗಿಯೇ ಕಂಡಿತು. ಸುಮ್ಮನಿದ್ದಿದ್ದರೆ ಹದಿನೆಂಟು ಮಂದಿಗೂ ಕಾಣುತ್ತಿತ್ತು.

— ಸಂಘದ ಒಬ್ಬ ಕಾರ್ಯಕರ್ತ