ರಣಹದ್ದಿನ ಬೆಟ್ಟದಲ್ಲೊಂದು ಹಳದಿ ಕೊರಳು
ರಾಮನಗರದ ರಾಮದೇವರ ಬೆಟ್ಟ ಅಂದರೆ ಜನಕ್ಕೆ ಮೊದಲು ನೆನಪಾಗುವುದು ‘ಶೋಲೆ’, ಆಮೇಲೆ ರಣಹದ್ದು. 2012ರಲ್ಲಿ ರಣಹದ್ದು ಧಾಮವೆಂದು ಘೋಷಣೆಯಾದಾಗಿನಿಂದ ಬಂದವರ ಕತ್ತೆಲ್ಲ ಆಕಾಶಕ್ಕೇ. ಹಾಗಾಗಿ ಬಂಡೆ ಸಂದಿಯ ಕುರುಚಲು ಪೊದೆಯಲ್ಲಿ ಅವಸರದಲ್ಲಿ ಉಲಿದು ಮರೆಯಾಗುವ ಹಳದಿ ಕೊರಳಿನ ಪಿಕಳಾರವನ್ನು ಕೇಳುವವರಿಲ್ಲ. ಮೊನ್ನೆ ಬೆಳಿಗ್ಗೆ ಅತ್ತಿ ಜಾತಿಯ ಮರವೊಂದರಲ್ಲಿ ಹಣ್ಣು ಕುಕ್ಕುತ್ತಿದ್ದುದು ಕಂಡಿತು: ಬೂದು ಮೈ, ಹಸಿರು ಮಿಶ್ರಿತ ಹಳದಿ ತಲೆ, ಅರಿಶಿನ ಹಚ್ಚಿದಂಥ ಗಂಟಲು. ನಮ್ಮ ಹಿತ್ತಲಿನ ಕೆಮ್ಮೀಸೆ ಪಿಕಳಾರದ ಜುಟ್ಟಿನ ಜಂಬ ಇದಕ್ಕಿಲ್ಲ, ನಾಚಿಕೆ ಜಾಸ್ತಿ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಹಕ್ಕಿ, ನಂದಿಬೆಟ್ಟದಲ್ಲೂ ಉಂಟು. ಅಳಿವಿನ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿ ಇದರ ಹೆಸರಿರುವುದಕ್ಕೆ ಬೇಟೆಗಿಂತ ಗ್ರಾನೈಟ್ ಕ್ವಾರಿ, ಬೆಂಕಿ, ಸೌದೆ ಕಡಿತಗಳೇ ಹೆಚ್ಚು ಕಾರಣ. ಬಂಡೆ ಬೋಳಾಗಿದೆ, ಉಪಯೋಗಕ್ಕೆ ಬಾರದ ನೆಲ ಎನ್ನುವ ಕಡತದ ಭಾಷೆಯಂತೂ ನನಗೆ ಕ್ವಾರಿಯ ಸಿಡಿಮದ್ದಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ನೋಡಬೇಕೆನ್ನುವವರು ಕಲ್ಲು ಕಾಯುವ ಮೊದಲೇ ಹೋಗಿ. ಮೊಬೈಲಿನಲ್ಲಿ ಅದರದೇ ದನಿ ಹಾಕಿ ಕರೆಯುವ ಕಪಟ ಮಾತ್ರ ಬೇಡ.