ತೋರಿಸುವ ಕಾಗದ, ಕೊಡುವ ಕಾಗದ

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಂಥ ಊರಲ್ಲಿ ಯಾವ ಮನೆಯ ಮೊಬೈಲ್ ತೆರೆದರೂ ಮೊಮ್ಮಗನ ಜವಳದ ಫೋಟೊ, ಜಾತ್ರೆಯ ವಿಡಿಯೊಗಳ ನಡುವೆ ಹೊಲದ ಉತಾರ, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಮಗಳ ಜಾತಿ-ಆದಾಯ ಪ್ರಮಾಣಪತ್ರ, ಮನೆಮಂದಿಯ ಆಧಾರ್ ಸಿಕ್ಕೇ ಸಿಗುತ್ತವೆ. ಟ್ರಂಕಿನ ತಳದಲ್ಲಿ ಗಂಟು ಕಟ್ಟಿಟ್ಟಿದ್ದ ಕಾಗದಗಳು ಹೀಗೆ ಜೇಬಿಗೆ ಬಂದದ್ದು ಒಳ್ಳೆಯದೇ. ಆದರೆ ಅವು ಜೇಬಿನಲ್ಲಿ ನಿಲ್ಲುವುದಿಲ್ಲ. ಅರ್ಜಿ ಹಾಕಬೇಕೆಂದರೆ ಝರಾಕ್ಸ್ ಅಂಗಡಿಯ ನಂಬರಿಗೆ, ಸಾಲ ಬೇಕೆಂದರೆ ಫೈನಾನ್ಸಿನ ಹುಡುಗನಿಗೆ, ‘ವಾಟ್ಸಾಪ್ ಮಾಡ್ರಿ’ ಎಂಬ ಒಂದು ಮಾತಿಗೆ ಹೊರಟುಬಿಡುತ್ತವೆ.

ಕಾಗದ ತೋರಿಸುವುದು ಒಂದು, ಕೊಡುವುದು ಇನ್ನೊಂದು. ಮೊದಲು ಈ ಎರಡರ ನಡುವಿನ ಗೆರೆ ಎಲ್ಲರಿಗೂ ಗೊತ್ತಿತ್ತು. ಬ್ಯಾಂಕಿನವರು ಒರಿಜಿನಲ್ ನೋಡಿ ಹಿಂದಿರುಗಿಸುತ್ತಿದ್ದರು. ಈಗ ಮೊಬೈಲಿನಲ್ಲಿ ತೋರಿಸಿದ್ದೆಲ್ಲ ಕೊಟ್ಟಂತೆಯೇ ಆಗುತ್ತದೆ. ಈ ಗೆರೆಯನ್ನು ಮತ್ತೆ ಎಳೆಯುವ ಹೊಣೆ ಕಾಗದ ಕೇಳುವವರದು ಎಂಬುದು ನನ್ನ ವಾದ. ಅದನ್ನು ಕೊಡುವ ರೈತನ ತಲೆಗೆ ಕಟ್ಟಿ, ‘ಎಚ್ಚರ ವಹಿಸಿ’ ಎಂದು ಗೋಡೆಗೆ ಪೋಸ್ಟರ್ ಅಂಟಿಸಿದರೆ ಮುಗಿಯುವುದಿಲ್ಲ.

ಹತ್ತಿಮತ್ತೂರಿಗೆ ದಾಖಲೆ ಎಂಬುದು ಹೊಸದಲ್ಲ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ, ಅಂದರೆ 8ನೇ ಶತಮಾನದ ಶಾಸನವೊಂದು ಈ ಊರಿನದು. ಶಾಸನತಜ್ಞ ಫ್ಲೀಟ್ ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದ. ಶಾಸನ ಹಾಕಿಸುತ್ತಿದ್ದುದೇ ಊರಿಗೆಲ್ಲ ಕಾಣಲೆಂದು. ಯಾರು ಬೇಕಾದರೂ ಓದಬಹುದು, ಹೊತ್ತುಕೊಂಡು ಹೋಗುವಂತಿಲ್ಲ. ಆಮೇಲೆ ಕುಲಕರ್ಣಿ, ತಲಾಠಿಗಳ ಕಾಲ ಬಂತು. ದಫ್ತರ ಅವರ ಕೈಯಲ್ಲಿ, ಉತಾರ ಬೇಕೆಂದರೆ ಅವರ ಮರ್ಜಿ. ಆ ಮರ್ಜಿಯನ್ನು ಮುರಿದದ್ದು 2000ದ ಆಸುಪಾಸಿನಲ್ಲಿ ಕರ್ನಾಟಕ ತಂದ ‘ಭೂಮಿ’ ಯೋಜನೆ. ಕೈಬರಹದ ಉತಾರ ಹೋಗಿ ಕಂಪ್ಯೂಟರ್ ಉತಾರ ಬಂತು. ಇಂದು ಸರ್ವೆ ನಂಬರ್ ಗೊತ್ತಿದ್ದವರು ಯಾರದೇ ಹೊಲದ ಪಹಣಿಯನ್ನು, ಅದರ ಮೇಲಿನ ಬ್ಯಾಂಕಿನ ಬೋಜಾ ಸಮೇತ, ಮೊಬೈಲಿನಲ್ಲೇ ನೋಡಬಹುದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹಳ್ಳಿಯಲ್ಲಿ ಯಾರ ಹೊಲ ಎಷ್ಟು, ಸಾಲ ಎಷ್ಟು ಎಂಬುದು ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತು. ಗೋಪ್ಯತೆ ಪೇಟೆಯವರ ಚಿಂತೆ ಎಂದು. ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧ. ಕಟ್ಟೆಯ ಮೇಲೆ ನನ್ನ ವಿಷಯ ಗೊತ್ತಿದ್ದವನ ವಿಷಯ ನನಗೂ ಗೊತ್ತು. ಕೆಟ್ಟದ್ದು ಮಾಡಿದರೆ ನಾಳೆ ಅದೇ ಕಟ್ಟೆಯ ಮುಂದೆ ಹಾಯಬೇಕು. ಆಧಾರ್ ಪ್ರತಿ ಯಾರದೋ ಫೋನಿನಿಂದ ಇನ್ಯಾರದೋ ಫೋನಿಗೆ ಹೋದಾಗ ಈ ಅಂಜಿಕೆ ಇರುವುದಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಎತ್ತಿದ್ದರು. ಹಣ ಕಳೆದುಕೊಂಡವರು ಓಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಅವರು ಮಾಡಿದ್ದು ಸರ್ಕಾರ ಹೇಳಿದ ಕಡೆ ಹೆಬ್ಬೆಟ್ಟು ಒತ್ತಿದ್ದು ಮಾತ್ರ. ಎಚ್ಚರಿಕೆಯ ಪೋಸ್ಟರ್ ಇವರನ್ನು ಹೇಗೆ ಕಾಯುತ್ತಿತ್ತು?

ಕಾಗದ ಕೇಳುವ ಸರ್ಕಾರವೇ ಗೊಂದಲದಲ್ಲಿರುವುದಕ್ಕೂ ಒಂದು ನಿದರ್ಶನವಿದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಝರಾಕ್ಸ್ ಯಾರಿಗೂ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಬಳಸಿ ಎಂದು ಪ್ರಕಟಣೆ ಹೊರಡಿಸಿತು. ಜನ ಗಾಬರಿಯಾದರು. ಎರಡೇ ದಿನದಲ್ಲಿ, ತಪ್ಪಾಗಿ ಅರ್ಥೈಸಿಕೊಳ್ಳುವ ಸಂಭವವಿದೆ ಎಂದು ಕೇಂದ್ರ ಸಚಿವಾಲಯ ಅದನ್ನು ಹಿಂತೆಗೆದುಕೊಂಡಿತು. ಸಲಹೆಯಂತೂ ಸರಿಯಾಗಿಯೇ ಇತ್ತು. ಹಿಂತೆಗೆದುಕೊಂಡದ್ದರಿಂದ ಜನರಿಗೆ ತಲುಪಿದ ಸಂದೇಶ ಮಾತ್ರ, ಏನೂ ಆಗಿಲ್ಲ, ಮೊದಲಿನ ಹಾಗೇ ಕೊಡುತ್ತಿರಿ ಎಂಬುದು.

ಇನ್ನು ಆ್ಯಪ್‌ಗಳ ಮೇಲಿನ ನಂಬಿಕೆ. ಒಂದು ಕಾಲಕ್ಕೆ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದ ಹುಡುಗರು ಮುಂದೆ ಫೋನಿನಿಂದ ಫೋನಿಗೆ ಫೈಲ್ ಕಳಿಸುವ ಶೇರ್‌ಇಟ್, ಕ್ಸೆಂಡರ್ ಹಿಡಿದರು. ಕಾಗದ ಸ್ಕ್ಯಾನ್ ಮಾಡಲು ಕ್ಯಾಮ್‌ಸ್ಕ್ಯಾನರ್ ಇತ್ತು. 2020ರ ಜೂನ್ 29ರಂದು ಕೇಂದ್ರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಈ ಮೂರೂ ಇದ್ದವು. ನಿಷೇಧ ಸರಿಯೋ ತಪ್ಪೋ, ಆ್ಯಪ್ ಎಂಬುದು ಬಾಡಿಗೆ ಮನೆ ಎಂಬುದಂತೂ ಅಂದು ತಿಳಿಯಿತು. ವಾಟ್ಸಾಪ್ ಕೂಡ ಕಾಗದ ಕಾಯುವ ಪೆಟ್ಟಿಗೆಯಲ್ಲ. ಎಂದೋ ಬಂದ ಫೈಲನ್ನು ಆಗಲೇ ಇಳಿಸಿಕೊಳ್ಳದಿದ್ದರೆ, ಬೇಕಾದ ದಿನ ಅದು ತೆರೆಯುವುದಿಲ್ಲ, ಕಳಿಸಿದವರನ್ನೇ ಮತ್ತೆ ಕೇಳಬೇಕು. ಫೋನ್ ನೀರಿಗೆ ಬಿದ್ದರೆ ಕೇಳುವುದೂ ಬೇಡ.

ಸರಿಯಾದ ದಾರಿಯೂ ನಮ್ಮ ಮುಂದಿದೆ. 2015ರ ಜುಲೈಯಲ್ಲಿ ಬಂದ ಡಿಜಿಲಾಕರ್ ಕಾಗದದ ಫೋಟೊ ಕೂಡಿಡುವುದಕ್ಕಷ್ಟೇ ಇರುವುದಲ್ಲ. ಕಾಗದ ಕೊಟ್ಟ ಇಲಾಖೆಯಿಂದಲೇ ಅದನ್ನು ತರಿಸಿ ತೋರಿಸುತ್ತದೆ. ಹಾಗೆ ಬಂದ ದಾಖಲೆಗೆ ಮೂಲಪ್ರತಿಯ ಮಾನ್ಯತೆ ಇದೆ ಎಂದು 2017ರ ಫೆಬ್ರುವರಿಯಲ್ಲಿ ನಿಯಮಕ್ಕೆ ತಿದ್ದುಪಡಿಯಾಯಿತು. ನಾವೇ ಫೋಟೊ ತೆಗೆದು ಅದರಲ್ಲಿ ತುಂಬಿದ್ದಕ್ಕೆ ಆ ಮಾನ್ಯತೆ ಇಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ನಮ್ಮ ರಾಜ್ಯದ ಬೆಳೆ ಸಮೀಕ್ಷೆಯ ಆ್ಯಪ್ ಇನ್ನೊಂದು ಮಾದರಿ. 2020ರ ಮುಂಗಾರಿನಿಂದ ರೈತರೇ ಹೊಲದಲ್ಲಿ ನಿಂತು ಗೋವಿನಜೋಳವೋ ಹತ್ತಿಯೋ ಫೋಟೊ ತೆಗೆದು ಏರಿಸಬಹುದು. ಕೇಳುವವರು ಯಾರು, ಯಾತಕ್ಕೆ ಎಂಬುದು ಇಲ್ಲಿ ಸ್ಪಷ್ಟ: ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆ. ದೋಷಗಳಿಲ್ಲವೆಂದಲ್ಲ, ಫೋಟೊ ನಡುವೆ ಯಾರ ಕೈಗೂ ಹೋಗದೆ ಸೇರಬೇಕಾದಲ್ಲಿಗೇ ಸೇರುತ್ತದೆ ಎಂಬುದು ದೊಡ್ಡ ಗುಣ.

ಹೀಗಿದ್ದೂ ಕಚೇರಿ ಕಚೇರಿಗಳಲ್ಲಿ ‘ಎರಡು ಸೆಟ್ ಝರಾಕ್ಸ್ ತನ್ನಿ’ ಎಂಬ ಮಾತು ಹೋಗಿಲ್ಲ. ಸರ್ಕಾರ ತಾನೇ ಕೊಟ್ಟ ರೇಷನ್ ಕಾರ್ಡಿನ ಪ್ರತಿಯನ್ನು ತನಗೇ ತಂದುಕೊಡು ಎಂದು ಕೇಳುವುದರಲ್ಲಿ ಯಾವ ನ್ಯಾಯವಿದೆ? ನಂಬರ್ ಹಾಕಿದರೆ ದಾಖಲೆ ಅವರ ಕಂಪ್ಯೂಟರಿನಲ್ಲೇ ಇದೆ. ಹಾಗೆ ನೋಡುವ ವ್ಯವಸ್ಥೆ ಇರುವ ಕಡೆ ಪ್ರತಿ ಕೇಳುವುದನ್ನೇ ನಿಲ್ಲಿಸಬೇಕು. ಝರಾಕ್ಸ್ ಅಂಗಡಿಯವರನ್ನು ನಾನು ದೂರುವುದಿಲ್ಲ. ಸವಣೂರಿಗೆ ಹತ್ತು ಸಲ ಅಲೆಯುವುದನ್ನು ತಪ್ಪಿಸಿದವರು ಅವರೇ. ಕಚೇರಿಗಳು ಕೇಳುವುದು ನಿಂತರೆ ಅವರ ಫೋನಿನಲ್ಲಿ ಊರಿನವರ ಆಧಾರ್ ಗುಡ್ಡೆ ಬೀಳುವುದೂ ತಾನಾಗಿ ಕಡಿಮೆಯಾಗುತ್ತದೆ.

ಗೋಪ್ಯತೆ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪಡೆದ ಮಾಹಿತಿಯನ್ನು ಉದ್ದೇಶ ತೀರಿದ ಮೇಲೆ ಅಳಿಸಬೇಕೆಂಬ ಕಾನೂನು 2023ರಲ್ಲಿ ಬಂತು, ಅದರ ನಿಯಮಗಳಿಗೆ 2025ರ ನವೆಂಬರ್ ತನಕ ಕಾಯಬೇಕಾಯಿತು. ಕಾನೂನು ಹಳ್ಳಿಗೆ ಬಂದು ಮುಟ್ಟುವುದು ಇನ್ನೂ ತಡವಾಗಬಹುದು. ಅಲ್ಲಿಯವರೆಗೆ ಇಷ್ಟು ಮಾಡಿ: ಪ್ರಿಂಟ್ ಕೈಗೆ ಬಂದ ಕೂಡಲೇ, ಅಂಗಡಿಯಿಂದ ಇಳಿಯುವ ಮೊದಲು, ‘ನಮ್ಮ ಫೈಲ್ ಅಳಿಸಿಬಿಡ್ರಿ’ ಎಂದು ಹೇಳಿ, ಅಳಿಸುವವರೆಗೆ ನಿಂತು ನೋಡಿ. ಪ್ರತಿ ಕೇಳಿದ ಕಚೇರಿಯಲ್ಲಿ, ಅದು ಯಾಕೆ ಬೇಕು ಎಂದು ಒಂದು ಮಾತು ಕೇಳಿ.