ಬೆನ್ನುಹುರಿಯ ಅಪಘಾತಗಳು: ಲೆಕ್ಕಕ್ಕೆ ಬಾರದ ನಷ್ಟ

ಅಡಕೆಯ ಮರವೇರಿದವನು ಕಾಲುಜಾರಿ ಬಿದ್ದು ಸೊಂಟದ ಕೆಳಗಣ ಸ್ವಾಧೀನವನ್ನೇ ಕಳೆದುಕೊಂಡನೆಂಬ ವಾರ್ತೆಯು ನಮ್ಮ ಮಲೆನಾಡಿಗೆ ಹೊಸದಲ್ಲ. ಕೇಳಿದವರು 'ಅವನ ಹಣೆಬರಹ' ಎಂದು ನಿಟ್ಟುಸಿರುಬಿಟ್ಟು ಸುಮ್ಮನಾಗುವರು. ಇದು ಹಣೆಬರಹವಲ್ಲ, ಎಣಿಸಬಹುದಾದ, ಬಹುಮಟ್ಟಿಗೆ ತಡೆಯಲೂ ಬಹುದಾದ ವಿಪತ್ತೆಂದು ನಾವು ಹೇಳುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಯ ೨೦೧೩ರ ವರದಿಯಂತೆ ಪ್ರಪಂಚದಲ್ಲಿ ವರ್ಷಂಪ್ರತಿ ೨,೫೦,೦೦೦ದಿಂದ ೫,೦೦,೦೦೦ ಜನರು ಬೆನ್ನುಹುರಿಯ ಹಾನಿಗೆ ಗುರಿಯಾಗುತ್ತಾರೆ. ಬಹುತೇಕರಿಗೆ ಕಾರಣವು ರೋಗವಲ್ಲ. ವಾಹನಾಪಘಾತ, ಎತ್ತರದಿಂದ ಬೀಳುವುದು, ಹೊಡೆದಾಟ ಇವೇ. ಇವರಲ್ಲಿ ಪುರುಷರ ಸಂಖ್ಯೆಯು ಸ್ತ್ರೀಯರ ಎರಡರಷ್ಟಕ್ಕೆ ಕಡಿಮೆಯಿಲ್ಲ. ಅದರಲ್ಲಿಯೂ ದುಡಿಯುವ ಪ್ರಾಯದ ತರುಣರಿಗೆ ಅಪಾಯ ಹೆಚ್ಚು. ಕತ್ತಿಗೆ ಪೆಟ್ಟಾದರೆ ಕೈಕಾಲು ನಾಲ್ಕೂ, ಅದಕ್ಕೆ ಕೆಳಗಾದರೆ ಕಾಲುಗಳೆರಡೂ ಸ್ವಾಧೀನ ತಪ್ಪಬಹುದು. ಮಲಮೂತ್ರಗಳ ಹಿಡಿತವೂ ಹೋಗಬಹುದು. ಒಬ್ಬನು ಬಿದ್ದರೆ ಸಂಸಾರವೇ ಬಿದ್ದಂತೆ.

ನಮ್ಮ ಜಿಲ್ಲೆಯ ಸ್ಥಿತಿಯೇನು? ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಗೆ ತೊಡಗಿದುದು ೧೯೨೩ರಲ್ಲಿ. ೧೯೪೮ರ ಕಾರ್ಖಾನೆಗಳ ಕಾಯಿದೆಯು ಬಂದಮೇಲೆ, ಕೆಲಸಗಾರನು ಪೆಟ್ಟುಬಿದ್ದು ೪೮ ಗಂಟೆಗಳ ಕಾಲ ದುಡಿಯಲಾರದೆ ಹೋದರೆ ಆ ಸಂಗತಿಯನ್ನು ಅಧಿಕಾರಿಗಳಿಗೆ ತಿಳಿಸಲೇಬೇಕಾಯಿತು. ತೋಟದಲ್ಲಿ ಬಿದ್ದ ಕೊನೆಗಾರನ ವಿಷಯದಲ್ಲಿ ಆ ಕಾಯಿದೆಯು ಮೌನವಾಗಿತ್ತು. ಅವನ ಪೆಟ್ಟು ಆಸ್ಪತ್ರೆಯ ಚೀಟಿಯಲ್ಲಿಯೇ ಉಳಿಯುವುದು. ಬೆನ್ನುಹುರಿಯ ಹಾನಿಗಳಿಗೆ ದೇಶವ್ಯಾಪಿಯಾದ ದಾಖಲೆಪುಸ್ತಕವೂ ನಮ್ಮಲ್ಲಿಲ್ಲ. ಎಣಿಕೆಯಿಲ್ಲದೆಡೆ ಉಪಾಯಕ್ಕೆ ಆತುರವೆಲ್ಲಿಯದು?

ಉಪಾಯಗಳಾದರೋ ಕಣ್ಣೆದುರಿಗೇ ಇವೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಮಳೆಗಾಲವೇ ಮರವು ಪಾಚಿಗಟ್ಟಿ ಜಾರುವ ಕಾಲ. ನೆಲದಲ್ಲಿ ನಿಂತೇ ಸಿಂಪಡಿಸುವ, ಗೊನೆಯಿಳಿಸುವ ಉದ್ದನೆಯ ದೋಟಿಗಳು ಈಗ ಬಳಕೆಗೆ ಬಂದಿವೆ. ಕೊಳ್ಳಲಾರದ ಸಣ್ಣ ಹಿಡುವಳಿದಾರರಿಗೆ ಸಹಕಾರ ಸಂಘಗಳು ಇವನ್ನು ಬಾಡಿಗೆಗೆ ಒದಗಿಸಲಿ. ಮರವೇರಲೇಬೇಕಾದಲ್ಲಿ ರಕ್ಷಣೆಯ ಪಟ್ಟಿಯಿಲ್ಲದೆ ಯಾರನ್ನೂ ಏರಿಸಬಾರದು. ಬಿದ್ದವನನ್ನು ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಕೂರಿಸುವ ದಯೆಯು, ಉಳಿದಿದ್ದ ನರಗಳನ್ನೂ ಕೆಡಿಸಬಹುದು. ೧೦೮ಕ್ಕೆ ಕರೆಮಾಡಿ, ಕತ್ತು ಬೆನ್ನುಗಳು ಅಲುಗದಂತೆ ಗಟ್ಟಿ ಹಲಗೆಯ ಮೇಲೆ ಸಾಗಿಸುವುದೇ ಕ್ರಮ. ರಸ್ತೆಯಲ್ಲಿ ಬಿದ್ದವರಿಗೂ ಇದೇ ನಿಯಮ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಭದ್ರಾವತಿಯ ಸರ್ಕಾರಿ ಆಸ್ಪತ್ರೆಯೂ ಇಂತಹ ಪ್ರತಿಯೊಬ್ಬ ರೋಗಿಯ ಪ್ರಾಯ, ಉದ್ಯೋಗ, ಪೆಟ್ಟಿನ ಕಾರಣಗಳನ್ನು ಪ್ರತ್ಯೇಕವಾಗಿ ಬರೆದಿಟ್ಟು, ಹೆಸರುಗಳನ್ನು ಬಿಟ್ಟು, ವರ್ಷಕ್ಕೊಮ್ಮೆ ಪ್ರಕಟಿಸುವಂತೆ ಜಿಲ್ಲೆಯ ಅಧಿಕಾರಿವರ್ಗವು ಏರ್ಪಡಿಸಬೇಕು. ಇದಕ್ಕೆ ಹೊಸ ಕಟ್ಟಡವು ಬೇಡ. ಒಬ್ಬ ಗುಮಾಸ್ತನೂ ಒಂದು ಪುಸ್ತಕವೂ ಸಾಕು. ಅಡಕೆಯ ಮೂಟೆಗಳನ್ನು ತೂಕ ತಪ್ಪದಂತೆ ಬರೆದಿಡುವ ಜಿಲ್ಲೆಯು, ಆ ಅಡಕೆಯನ್ನು ಇಳಿಸಹೋಗಿ ನೆಲಕ್ಕುರುಳಿದವರ ಲೆಕ್ಕವನ್ನೂ ಇಡಬೇಡವೆ?